ಸಹಿ ನಿಮ್ಮದು, ಡೊಂಗಲ್ ಅವರ ಕೀ ಗೊಂಚಲಲ್ಲಿ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಬಂತು ಅಂತ ನನ್ನನ್ನು ಅಧ್ಯಕ್ಷೆ ಮಾಡಿದರು. ಓಡಾಡಿದ್ದು, ದುಡ್ಡು ಹಾಕಿದ್ದು ಎಲ್ಲಾ ನಮ್ಮ ಯಜಮಾನರೇ. ಊರಲ್ಲಿ 'ಅಧ್ಯಕ್ಷರು' ಅಂದರೆ ಅವರೇ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಫೋನ್ ಮಾಡುವುದೂ ಅವರಿಗೇ. ನನ್ನ ಡೊಂಗಲ್, ಅದೇ ಕಂಪ್ಯೂಟರಿಗೆ ಹಾಕಿ ಡಿಜಿಟಲ್ ಸಹಿ ಮಾಡುವ ಪೆನ್‌ಡ್ರೈವ್ ಥರದ್ದು, ಅವರ ಬೈಕಿನ ಕೀ ಗೊಂಚಲಲ್ಲಿ ಇರುತ್ತದೆ. ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕ ಮನೆಗೇ ಬರುತ್ತದೆ, ತೋರಿಸಿದ ಕಡೆ ಸಹಿ ಹಾಕುತ್ತೇನೆ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಭಾಷಣ ಓದುವಾಗ ತಡವರಿಸಿದೆ. ಯಾರೋ ಅದನ್ನು ವಿಡಿಯೊ ಮಾಡಿ, ಕಾಮಿಡಿ ಮ್ಯೂಸಿಕ್ ಹಾಕಿ ಬಿಟ್ಟರು. ತಾಲ್ಲೂಕಿನ ಒಂದು ಯೂಟ್ಯೂಬ್ ಚಾನೆಲ್‌ನಲ್ಲೂ ಬಂತು. 'ಇದಕ್ಕೇ ಹೇಳಿದ್ದು, ನೀನು ಮನೇಲಿರು ಅಂತ' ಎಂದರು ಯಜಮಾನರು. ಮನೆಯಲ್ಲಿ ಎಲ್ಲರೂ 'ಪಂಚಾಯತ್' ವೆಬ್ ಸರಣಿ ನೋಡಿ, 'ನೀನೂ ಅದರಲ್ಲಿ ಹೆಸರಿಗಷ್ಟೇ ಊರಿನ ಪ್ರಧಾನ ಆಗಿರೋ ಹೆಂಗಸಿನ ಥರಾನೇ' ಅಂತ ನಗುತ್ತಾರೆ. ಹೋದ ತಿಂಗಳು ಮೂರನೇ ವಾರ್ಡಿನ ಒಬ್ಬ ಹೆಂಗಸು ಕೇಳಿದರು, 'ಚರಂಡಿಗೆ 2 ಲಕ್ಷ 40 ಸಾವಿರ ಬಿಲ್ ಆಗಿದೆಯಂತೆ, ಚರಂಡಿ ಎಲ್ಲಿದೆ ಅಕ್ಕಾ?' ನನಗೆ ಏನೂ ಗೊತ್ತಿಲ್ಲ. ಅವತ್ತಿಂದ ನಿದ್ದೆ ಬರುತ್ತಿಲ್ಲ. ನನ್ನಂಥವಳು ಕೂತರೆ ಪಂಚಾಯಿತಿ ಹಾಳಾಗುತ್ತದಾ? ನಾನು ಜೈಲಿಗೆ ಹೋಗುತ್ತೇನಾ? ರಾಜೀನಾಮೆ ಕೊಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಪ್ರಶ್ನೆ ಕೇಳಿದ್ದೀರಿ. ನಿದ್ದೆ ಕೆಡಿಸಿರುವುದು ಮಾತ್ರ ಒಂದೇ: ನಾನು ಮಾಡದ ಕೆಲಸಕ್ಕೆ ನಾನು ಹೊಣೆಯಾ? ಆ ಭಯ ಸರಿಯಾದ ಭಯ. ಅದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಆ ವಿಡಿಯೊ ನಿಮ್ಮ ಮನಸ್ಸಿಗೆ ಹಾಕಿದ ಕಲ್ಲನ್ನು ಇಳಿಸಬೇಕು. ಯಾಕೆಂದರೆ 'ನನ್ನಂಥವಳು' ಅನ್ನುವ ಮಾತು ನಿಮ್ಮ ಬಾಯಿಗೆ ಬಂದಿದ್ದು ಅಲ್ಲಿಂದ.

ಪಂಚಾಯಿತಿ ಸದಸ್ಯೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಭಾಷಣ ಓದುವಾಗ ತಡವರಿಸಿದ ಗಂಡಸರನ್ನು ಲೆಕ್ಕ ಇಡಲಾರದಷ್ಟು ನೋಡಿದ್ದೇನೆ. ಚೀಟಿ ಕೆಳಗೆ ಬೀಳಿಸಿ, ಗಾಂಧೀಜಿ ಹೆಸರು ಬಿಟ್ಟು, 'ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ' ಅಂತ ಇಳಿದು ಬಂದವರಿದ್ದಾರೆ. ಅವರ ಮೇಲೆ ಯಾರೂ ವಿಡಿಯೊ ಮಾಡಲಿಲ್ಲ. 'ಪಾಪ, ಅಭ್ಯಾಸ ಇಲ್ಲ' ಅಂದರು, ಮುಗೀತು. ನೀವು ತಡವರಿಸಿದಾಗ ಮಾತ್ರ ಅದು ಹೆಂಗಸರ ಬಗ್ಗೆಯೇ ಒಂದು ತೀರ್ಪು ಆಗಿಬಿಟ್ಟಿತು.

ಇದು ನನ್ನ ಅನಿಸಿಕೆ ಮಾತ್ರ ಅಲ್ಲ. ಪಶ್ಚಿಮ ಬಂಗಾಳದಲ್ಲಿ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಪಂಚಾಯಿತಿ ಮುಖಂಡರ ಒಂದೇ ಭಾಷಣವನ್ನು ಒಮ್ಮೆ ಗಂಡಸಿನ ದನಿಯಲ್ಲಿ, ಒಮ್ಮೆ ಹೆಂಗಸಿನ ದನಿಯಲ್ಲಿ ರೆಕಾರ್ಡ್ ಮಾಡಿಸಿ ಹಳ್ಳಿಯವರಿಗೆ ಕೇಳಿಸಿದರು. ಮಾತು ಅದೇ, ಪದ ಅದೇ. ಆದರೂ ಮೀಸಲಾತಿ ಬಂದೇ ಇರದಿದ್ದ ಊರುಗಳಲ್ಲಿ ಗಂಡಸರು ಹೆಂಗಸಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮೊದಲೇ ಮಹಿಳೆ ಆಳಿದ್ದ ಊರುಗಳಲ್ಲಿ ಆ ತಾರತಮ್ಯ ತುಂಬಾ ಕಡಿಮೆ ಆಗಿತ್ತು. 2009ರಲ್ಲಿ ಪ್ರಕಟವಾದ ಅಧ್ಯಯನ ಅದು. ಅಂದರೆ ಜನರ ಕಿವಿಗೆ ಬೇಕಾಗಿದ್ದು ಚೆನ್ನಾದ ಭಾಷಣ ಅಲ್ಲ, ಅಭ್ಯಾಸ. ಆ ಅಭ್ಯಾಸ ಆಗಬೇಕಾದರೆ ನೀವು ಇನ್ನೊಂದು ಸಲ ಮೈಕ್ ಹಿಡಿಯಬೇಕು.

'ಹೆಂಗಸರಿಗೆ ಕೊಟ್ಟು ಪಂಚಾಯಿತಿ ಹಾಳಾಯ್ತು' ಅನ್ನುವ ಮಾತಿಗೂ ಉತ್ತರ ಇದೆ. 2000ದ ಹೊತ್ತಿಗೆ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 24 ರಾಜ್ಯಗಳಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿತ್ತು. ಆ ಮಾಹಿತಿ ಇಟ್ಟುಕೊಂಡು, ಮುಂದೆ 2019ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಪೆಟಿಯಾ ಟೊಪಲೋವಾ ಲೆಕ್ಕ ಹಾಕಿದರು. ಮಹಿಳೆಯರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಜಾಸ್ತಿ ಇತ್ತು, ಲಂಚ ಕಡಿಮೆ ಇತ್ತು. ಆದರೆ ಜನರನ್ನು ಕೇಳಿದರೆ ತೃಪ್ತಿ ಮಾತ್ರ ಕಡಿಮೆ. ನೀರಿನ ಬಗ್ಗೆ ಕೂಡ! ನಲ್ಲಿಯಲ್ಲಿ ನೀರು ಬರುತ್ತಿದೆ, ಆದರೂ 'ಆಯಮ್ಮನಿಂದ ಏನಾಗುತ್ತೆ' ಅನ್ನುತ್ತಾರೆ. ಇದನ್ನು ಓದಿದ ದಿನ ನನಗೆ ಅಳು ಬಂದಿತ್ತು. ನಾನು ತರಬೇತಿ ಕೊಟ್ಟ ಎಷ್ಟೋ ಹೆಣ್ಣುಮಕ್ಕಳ ಮುಖ ಕಣ್ಣ ಮುಂದೆ ಬಂತು.

ಓದಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಲು ಇಷ್ಟೇ ಓದಿರಬೇಕು ಅಂತ ಕಾನೂನಿಲ್ಲ. ಹರಿಯಾಣ, ರಾಜಸ್ಥಾನದಲ್ಲಿ 2015ರಲ್ಲಿ ಅಂಥ ನಿಯಮ ತಂದರು. ರಾಜಸ್ಥಾನ ಅದನ್ನು 2019ರಲ್ಲಿ ತೆಗೆದೂ ಹಾಕಿತು. ನೀವು ಎಸ್ಸೆಸ್ಸೆಲ್ಸಿ. ನಡಾವಳಿ ಓದಲು ಅಷ್ಟು ಧಾರಾಳ ಸಾಕು.

ಇನ್ನು ಆ ವೆಬ್ ಸರಣಿ. 2020ರಲ್ಲಿ ಬಂದಾಗ ನಾನೂ ನೋಡಿದೆ. ನೀನಾ ಗುಪ್ತಾ ಮಾಡಿದ ಮಂಜು ದೇವಿ ಪಾತ್ರದಲ್ಲಿ ನನ್ನ ತರಬೇತಿಯ ಅರ್ಧ ಹಾಜರಿ ಪಟ್ಟಿ ಕಂಡಿತು. ನಿಮ್ಮ ಮನೆಯವರು ನಕ್ಕು ಅಲ್ಲಿಗೇ ನಿಲ್ಲಿಸಿದ್ದಾರೆ ಅನ್ನಿಸುತ್ತದೆ. ಮೊದಲ ಸೀಸನ್ನಿನ ಕೊನೆಯ ಕಂತನ್ನು ಅವರ ಜೊತೆ ಕೂತು ಇನ್ನೊಮ್ಮೆ ನೋಡಿ. ಜನವರಿ 26. ಬಾವುಟ ಹಾರಿಸುವುದು ತನ್ನ ಕೆಲಸ ಅಂತ ಅವಳಿಗೆ ಗೊತ್ತಾಗುತ್ತದೆ. ರಾಷ್ಟ್ರಗೀತೆ ಕಲಿಯುತ್ತಾಳೆ, ತಡವರಿಸುತ್ತಲೇ ಹಾಡುತ್ತಾಳೆ. ಗಂಡ ಪಕ್ಕದಲ್ಲಿ ನಿಂತಿರುತ್ತಾನೆ. ಆ ದೃಶ್ಯದಲ್ಲಿ ನನಗೆ ನಗು ಬರಲಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವೇ 2025ರಲ್ಲಿ ಅದೇ ತಂಡದ ಜೊತೆ ಸೇರಿ 'ನಿಜವಾದ ಪ್ರಧಾನ ಯಾರು' ಅಂತ ಕೇಳುವ ಕಿರುಚಿತ್ರ ಮಾಡಿಸಿತು. ನಿಮ್ಮ ಮನೆಯ ಕಥೆ ದೇಶದ ಕಥೆ ಅಂತ ಇದರ ಅರ್ಥ. ನಿಮ್ಮ ಒಬ್ಬರ ದಡ್ಡತನ ಅಲ್ಲ.

ಹಾಗಾದರೆ ಯಾಕೆ ಹೀಗಾಗುತ್ತದೆ? 'ಗಂಡಸರ ಅಹಂಕಾರ' ಅಂದುಬಿಟ್ಟರೆ ಸುಲಭ. ಆದರೆ ನಾನು ಕಂಡ ಹಾಗೆ ಮೂಲ ಬೇರೆ ಕಡೆ ಇದೆ. ಮೀಸಲಾತಿ ಸುತ್ತುತ್ತಾ ಇರುತ್ತದೆ. ಈ ಸಲ ಮಹಿಳೆಗೆ, ಮುಂದಿನ ಸಲ ಇನ್ನೊಬ್ಬರಿಗೆ. ಹತ್ತು ವರ್ಷದಿಂದ ಊರಲ್ಲಿ ರಾಜಕೀಯ ಮಾಡಿದ ಗಂಡಸಿಗೆ ಇದು ತನ್ನ ಸೀಟು, ಸ್ವಲ್ಪ ದಿನ ಹೆಂಡತಿ ಹೆಸರಲ್ಲಿ ಇಟ್ಟಿದ್ದೇನೆ ಅನ್ನಿಸುತ್ತದೆ. ಚುನಾವಣೆಗೆ ಸಾಲ ಮಾಡಿದವರು ಅವರು. ಆ ಸಾಲ ತೀರಿಸುವ ದಾರಿಯನ್ನು ಪಂಚಾಯಿತಿಯಲ್ಲೇ ಹುಡುಕುತ್ತಾರೆ. ಪಿಡಿಒಗೂ ಇದೇ ಅನುಕೂಲ. ರಾತ್ರಿ ಎಂಟಕ್ಕೆ ಬೇಕರಿ ಮುಂದೆ ಟೀ ಕುಡಿಯುತ್ತಾ ಮಾತು ಮುಗಿಸಬಹುದು. ನಿಜವಾದ ಸಭೆ ನಡೆಯುವುದೇ ಅಲ್ಲಿ. ಅಲ್ಲಿಗೆ ನೀವು ಹೋಗುವ ಹಾಗಿಲ್ಲ. ಮಾರನೇ ದಿನದ ಸಭೆ ಬರೀ ಸಹಿ ಹಾಕುವ ಜಾಗ ಆಗುತ್ತದೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿದ್ದಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾಗಿ ದೇಶಕ್ಕೆಲ್ಲ ಮೂರನೇ ಒಂದು ಭಾಗ ಮೀಸಲು ಬಂತು. ಅದಕ್ಕೂ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಶೇ 25 ಕೊಟ್ಟಿತ್ತು. ಅದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಈಗ ಅರ್ಧ ಸೀಟು ಹೆಂಗಸರದ್ದು. ಸೀಟು ಬಂತು, ಕುರ್ಚಿ ಬಂತು. ಪೆನ್ನು ಮಾತ್ರ ಇನ್ನೂ ಎಷ್ಟೋ ಕಡೆ ಬಂದಿಲ್ಲ.

ಈಗ ಚರಂಡಿ ವಿಷಯ. ಕಟುವಾಗಿ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. 'ನನಗೆ ಗೊತ್ತಿರಲಿಲ್ಲ, ಎಲ್ಲಾ ಯಜಮಾನರು ನೋಡಿಕೊಳ್ಳುತ್ತಿದ್ದರು' ಅನ್ನುವುದು ಮನೆಯಲ್ಲಿ ನಡೆಯುವ ಮಾತು. ಕಾನೂನಿನ ಮುಂದೆ ಅದೊಂದೇ ಕಾಪಾಡುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ, ಡಿಜಿಟಲ್ ಸಹಿ ಯಾರ ಹೆಸರಲ್ಲಿದೆಯೋ ಅದನ್ನು ಜೋಪಾನ ಮಾಡುವ ಹೊಣೆ ಅವರದ್ದೇ. ಅದು ಕೈ ತಪ್ಪಿದೆ ಅಂತ ಗೊತ್ತಾದ ಕೂಡಲೇ, ಆ ಸಹಿ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗೂ ಹೊಣೆ ನಿಮ್ಮದೇ. ಡೊಂಗಲ್ ಯಾರ ಕೀ ಗೊಂಚಲಲ್ಲಿತ್ತು ಅಂತ ಕಂಪ್ಯೂಟರ್ ಬರೆದಿಡುವುದಿಲ್ಲ. ಅದು ಬರೆದಿಡುವುದು ನಿಮ್ಮ ಹೆಸರು. ಆಡಿಟ್‌ನಲ್ಲಿ ಆಕ್ಷೇಪಣೆ ಬಂದರೆ ವಸೂಲಿ ನೋಟಿಸ್ ಬರುವುದೂ ನಿಮ್ಮ ಹೆಸರಿಗೇ.

ಹಾಗಂತ ನಾಳೆ ಜೈಲು ಅಂತಲ್ಲ. ಒಂದು ಬಿಲ್ ಆಗಬೇಕಾದರೆ ಹಲವರ ಕೈ ದಾಟಬೇಕು. ಅಂದಾಜು ಪಟ್ಟಿ ಬೇಕು, ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯಬೇಕು, ಕಾಮಗಾರಿಯ ಫೋಟೊ ಬೇಕು, ಪಿಡಿಒ ಸಹಿ ಬೇಕು. ಚರಂಡಿ ನಿಜವಾಗಿ ಇಲ್ಲದಿದ್ದರೆ ಅವರೆಲ್ಲರೂ ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಸ್ಥಿತಿ ಬದಲಾಗುವುದು ಒಂದೇ ಒಂದು ವಿಷಯದಿಂದ: ತಪ್ಪು ಇದೆ ಅಂತ ಮೊದಲು ಬರೆದು ಕೊಟ್ಟವರು ನೀವಾ, ಅಥವಾ ಬೇರೆ ಯಾರೋ ದೂರು ಕೊಟ್ಟ ಮೇಲೆ ಉತ್ತರ ಹೇಳುತ್ತಿರುವವರು ನೀವಾ? ಈ ಎರಡರ ನಡುವೆ ಭೂಮಿ ಆಕಾಶದಷ್ಟು ವ್ಯತ್ಯಾಸ ಇದೆ.

ಅದಕ್ಕೇ ನನ್ನ ಸಲಹೆ ಇದು. ಕುರ್ಚಿಗಾಗಿ ಈಗಲೇ ಜಗಳ ಬೇಡ. ಊರು ಯಾರನ್ನು 'ಅಧ್ಯಕ್ಷರು' ಅನ್ನುತ್ತದೆ ಅನ್ನುವುದನ್ನೂ ಸದ್ಯಕ್ಕೆ ಬಿಡಿ. ಮೊದಲು ನಿಮ್ಮ ಸಹಿ ವಾಪಸ್ ತಗೊಳ್ಳಿ. ಡೊಂಗಲ್, ಅದರ ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ನಂಬರ್, ನಡಾವಳಿ ಪುಸ್ತಕ. ಇವು ನಿಮ್ಮ ಕೈಗೆ ಬಂದರೆ ಉಳಿದಿದ್ದು ನಿಧಾನಕ್ಕೆ ಹಿಂದೆಯೇ ಬರುತ್ತದೆ. ಒಟಿಪಿ ನಂಬರ್ ಬಗ್ಗೆ ಒತ್ತಿ ಹೇಳುತ್ತಿದ್ದೇನೆ. ಡೊಂಗಲ್ ವಾಪಸ್ ಪಡೆದೆ ಅಂತ ಸಮಾಧಾನದಲ್ಲಿದ್ದು, ಒಟಿಪಿ ಮಾತ್ರ ಗಂಡನ ಫೋನಿಗೆ ಹೋಗುತ್ತಿದ್ದಿದ್ದನ್ನು ವರ್ಷದ ಮೇಲೆ ಕಂಡುಕೊಂಡವರಿದ್ದಾರೆ.

ನಡಾವಳಿ ಪುಸ್ತಕ ಮನೆಗೆ ಬರುತ್ತದೆ ಅಂದಿರಲ್ಲ. ಮುಂದಿನ ಸಲ ಬಂದಾಗ ಒಂದು ನಿಮಿಷ ಅದನ್ನು ನೋಡಿ. ಕೊನೆಯ ಸಾಲಿಗೂ ನಿಮ್ಮ ಸಹಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿರುತ್ತಾರೆ. ಆ ಜಾಗಕ್ಕೆ ಆಮೇಲೆ ಒಂದು ಠರಾವು ಬಂದು ಕೂರುತ್ತದೆ. ತರಬೇತಿಯಲ್ಲಿ ನಾನು ಹಳೇ ಪುಸ್ತಕಗಳ ನಕಲು ತೋರಿಸುತ್ತೇನೆ. ಮೇಲಿನ ಐದು ವಿಷಯ ನೀಲಿ ಇಂಕು, ದೊಡ್ಡ ಅಕ್ಷರ. ಆರನೆಯದು ಮಾತ್ರ ಸಣ್ಣಕ್ಷರ, ಸಾಲು ಒತ್ತೊತ್ತಾಗಿ, ಸಹಿಯನ್ನು ಸುತ್ತಿಕೊಂಡು ಹೋಗಿರುತ್ತದೆ. ಹೆಣ್ಣುಮಕ್ಕಳು ಅದನ್ನು ನೋಡಿದ ಕೂಡಲೇ ಸುಮ್ಮನಾಗುತ್ತಾರೆ. ಒಬ್ಬರಂತೂ 'ಅಯ್ಯೋ, ನಂದೂ ಹಿಂಗೇ ಐತೆ ಮೇಡಂ' ಅಂತ ಎದ್ದೇ ನಿಂತರು. ಪರಿಹಾರ ತುಂಬಾ ಸಣ್ಣದು. ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆಯಿರಿ. ಗೆರೆಗೆ ಅಂಟಿಸಿ ಸಹಿ, ಪಕ್ಕದಲ್ಲಿ ತಾರೀಕು. ಪುಟದ ಫೋಟೊ ನಿಮ್ಮ ಫೋನಿನಲ್ಲಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ತಾರೀಕಿಲ್ಲದ ರಾಜೀನಾಮೆ ಪತ್ರಕ್ಕೆ ಯಾರಾದರೂ ಮೊದಲೇ ಸಹಿ ಹಾಕಿಸಿಕೊಂಡಿದ್ದರೆ ನನಗೆ ಬರೆಯಿರಿ, ಇದು ಬಹಳ ಕಡೆ ಆಗುತ್ತದೆ.

ಯಜಮಾನರ ಹತ್ತಿರ ಹೇಗೆ ಮಾತಾಡುವುದು? 'ನನ್ನ ಹಕ್ಕು' ಅಂತ ಶುರು ಮಾಡಿದರೆ ಮಾತು ಅಲ್ಲೇ ಮುರಿಯಬಹುದು. 'ಈ ಬಿಲ್ಲಿನಲ್ಲಿ ಸಿಕ್ಕಿಕೊಳ್ಳುವವಳು ನಾನು, ನೀವೂ ತಪ್ಪಿಸಿಕೊಳ್ಳಲ್ಲ' ಅಂತ ಹೇಳಿ. ಅದು ಸುಳ್ಳಲ್ಲ. ಅವರೇ ಪೆನ್ನಿನಲ್ಲಿ ನಿಮ್ಮ ಸಹಿ ಹಾಕಿದ್ದರೆ ಅದು ಫೋರ್ಜರಿ, ಗಂಡ ಅನ್ನುವ ಕಾರಣಕ್ಕೆ ವಿನಾಯಿತಿ ಇಲ್ಲ. ಪಂಚಾಯಿತಿ ಗುತ್ತಿಗೆಯಲ್ಲಿ ನಿಮಗೆ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಸಹಾಯ ಮಾಡುವುದಕ್ಕೂ ಜಾಗ ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಬೈಕಿನಲ್ಲಿ ಕಚೇರಿಗೆ ಬಿಡುವುದು, ಕಾಗದ ಅರ್ಥ ಮಾಡಿಸುವುದು ಸಹಾಯ. ಎಷ್ಟೋ ಗಂಡಂದಿರು ಅದನ್ನು ಪ್ರೀತಿಯಿಂದ ಮಾಡುತ್ತಾರೆ. ಸಭೆಯಲ್ಲಿ ಕೂತು ನಿಮ್ಮ ಪರವಾಗಿ ಕೈ ಎತ್ತುವುದು ಸಹಾಯ ಅಲ್ಲ.

ಅವರು ಒಪ್ಪದಿದ್ದರೆ ಎರಡನೇ ದಾರಿ ಪತ್ರ. 'ಇನ್ನು ಮುಂದೆ ಪಂಚಾಯಿತಿ ವಿಷಯಕ್ಕೆ ನನ್ನನ್ನೇ ಸಂಪರ್ಕಿಸಿ, ನನ್ನ ಡೊಂಗಲ್ ಬೇರೆ ಯಾರೂ ಬಳಸಬಾರದು' ಅಂತ ಪಿಡಿಒಗೆ ಬರೆಯಿರಿ. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿಗೆ). ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದೇ ಪತ್ರದಲ್ಲೋ, ಇನ್ನೊಂದರಲ್ಲೋ ಚರಂಡಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಫೋಟೊ ಕೇಳಿ, ಸ್ಥಳ ಪರಿಶೀಲನೆ ಮಾಡಿ ಅಂತ ಬರೆಯಿರಿ.

ಇದರ ಅಪಾಯವನ್ನು ಮುಚ್ಚಿಡುವುದಿಲ್ಲ. ವಿಚಾರಣೆ ನಿಮ್ಮ ಗಂಡನ ಬಾಗಿಲಿಗೂ ಬರಬಹುದು. ಆದ್ದರಿಂದ ಪತ್ರ ಕೊಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಕೂಡ ಮಾಡಬಹುದು. ಇನ್ನೊಂದು ಅಪಾಯ ಅವಿಶ್ವಾಸ ನಿರ್ಣಯ. ಸದಸ್ಯರು ಸಿಟ್ಟಾಗಿ ನಿಮ್ಮನ್ನು ಇಳಿಸಲು ನೋಡಬಹುದು. ಅದಕ್ಕೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಬೇಕು. ಅಂದರೆ ಮೂರನೇ ಒಂದು ಭಾಗಕ್ಕಿಂತ ಒಬ್ಬರು ಜಾಸ್ತಿ ನಿಮ್ಮ ಜೊತೆ ಗಟ್ಟಿಯಾಗಿ ನಿಂತರೆ ಸಾಕು. ಉಳಿದ ಸದಸ್ಯೆಯರಲ್ಲೂ ನಿಮ್ಮಂತೆಯೇ ನಿದ್ದೆಗೆಟ್ಟವರು ಇದ್ದಾರೆ. ಅವರ ಮನೆಗೆ ಒಮ್ಮೆ ಹೋಗಿ ಬನ್ನಿ, ಒಬ್ಬರೇ ಹೋಗಿ.

ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಮೇಲ್ಜಾತಿಯವರು ಬೆದರಿಸಿ ನಿಮ್ಮ ಕೆಲಸಕ್ಕೆ ಅಡ್ಡ ಬರುತ್ತಿದ್ದರೆ, ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆಯಲ್ಲಿ ಪಂಚಾಯಿತಿ ಅಧ್ಯಕ್ಷರು, ಸದಸ್ಯರು ಅಂತಲೇ ಬರೆದಿದೆ. ಮತ್ತೆ ಒಂದು ಮಾತು. ಡೊಂಗಲ್ ಕೇಳಿದ್ದಕ್ಕೆ ಮನೆಯಲ್ಲಿ ಕೈ ಎತ್ತುವ ಸ್ಥಿತಿ ಇದ್ದರೆ ಮೇಲಿನದ್ದೆಲ್ಲ ಬದಿಗಿಡಿ. ಮೊದಲು ಮಹಿಳಾ ಸಹಾಯವಾಣಿ 181 ಅಥವಾ ತುರ್ತು ನಂಬರ್ 112. ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲೂ ಕೌಟುಂಬಿಕ ದೌರ್ಜನ್ಯದ ದೂರು ಕೊಡಬಹುದು. ಪಂಚಾಯಿತಿ ಆಮೇಲೆ.

ರಾಜೀನಾಮೆ ಕೊಡುವುದಾದರೆ ಅದು ಉಪವಿಭಾಗಾಧಿಕಾರಿಗೆ ಹೋಗಬೇಕು. ಆದರೆ ಅದು ಹಳೇ ಸಹಿಯನ್ನು ಅಳಿಸುವುದಿಲ್ಲ. ಚರಂಡಿಯ ಕಾಗದ ಕೇಳುವ ಅಧಿಕಾರ ಇವತ್ತು ನಿಮಗಿದೆ. ಇಳಿದ ಮೇಲೆ ಅದೇ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಕು. ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದರೂ 'ಈಗ ಬೇಡ' ಅಂತಲೇ ಹೇಳುತ್ತಿದ್ದೆ.

ವಿಡಿಯೊ ವಿಷಯ ಚಿಕ್ಕದಾಗಿ. ಅಧ್ಯಕ್ಷೆಯ ಕೆಲಸವನ್ನು ಜನ ಟೀಕೆ ಮಾಡಬಹುದು, ಸಹಿಸಬೇಕು. ತಡವರಿಸಿದ್ದಕ್ಕೆ ನಕ್ಕರೆ ಅದೂ ಕೇಸ್ ಆಗುವುದಿಲ್ಲ. ಆದರೆ ಫೋಟೊ ತಿರುಚಿದ್ದರೆ, ಅಶ್ಲೀಲ ಮಾತು ಸೇರಿಸಿದ್ದರೆ ಬಿಡಬೇಡಿ. ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ, ಇಲ್ಲವೇ ಸೈಬರ್ ಅಪರಾಧದ ಸರ್ಕಾರಿ ಪೋರ್ಟಲ್‌ಗೆ ದೂರು ಕೊಡಿ. ಇನ್ನೊಂದು ಕೆಲಸ ನೀವೇ ಮಾಡಬಹುದು. ಮುಂದೆ ನೀರಿನ ಪೈಪ್ ದುರಸ್ತಿಯೋ, ಮಹಿಳಾ ಗ್ರಾಮ ಸಭೆಯೋ ಆದಾಗ ಎರಡು ಸಾಲಿನ ಸುದ್ದಿ, ಒಂದು ಫೋಟೊ ಸ್ಥಳೀಯ ವರದಿಗಾರರಿಗೆ ನೀವೇ ಕಳಿಸಿ, ನಿಮ್ಮ ಹೆಸರು ಹಾಕಿ. 'ಅಧ್ಯಕ್ಷೆಯ ಪತಿ ತಿಳಿಸಿದ್ದಾರೆ' ಅಂತ ಅಚ್ಚಾಗುವುದು ಎಷ್ಟೋ ಸಲ ನಂಬರ್ ಅವರದ್ದು ಮಾತ್ರ ಇರುವುದರಿಂದ. ಫ್ಲೆಕ್ಸ್ ಹಾಕಿಸುವಾಗಲೂ ಅಷ್ಟೇ, ಫೋಟೊ ಯಾರದ್ದು ದೊಡ್ಡದು ಅಂತ ಪ್ರಿಂಟ್‌ಗೆ ಹೋಗುವ ಮುಂಚೆ ನೋಡಿ.

ಮಹಿಳಾ ಗ್ರಾಮ ಸಭೆ ಅಂದೆ. ನೀವು ಮತ್ತೆ ಮೈಕ್ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚೀಟಿ ಬೇಡ. ಮೂರನೇ ವಾರ್ಡಿನ ಆ ಹೆಂಗಸನ್ನು ಮುಂದೆ ಕೂರಿಸಿಕೊಳ್ಳಿ. 'ಚರಂಡಿ ಎಲ್ಲಿದೆ ಅಂತ ಕೇಳಿದ್ರಲ್ಲ, ಕಾಗದ ಕೇಳಿದ್ದೀನಿ' ಅಂತ ಶುರು ಮಾಡಿ. ಬಾಯಿ ತಾನಾಗಿ ಬರುತ್ತದೆ.

ಇವತ್ತು ರಾತ್ರಿ ಮಾಡಬೇಕಾದ್ದು ಒಂದೇ. ನಿಮ್ಮ ಡೊಂಗಲ್‌ಗೆ, ಪಂಚಾಯಿತಿಯ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರ್ ಯಾವುದು ಅಂತ ತಿಳಿದುಕೊಳ್ಳಿ. ನಿಮ್ಮದಲ್ಲದಿದ್ದರೆ ಬದಲಾಯಿಸಲು ಕೊಡುವ ಅರ್ಜಿಯ ನಮೂನೆ ನಾನು ಕಳಿಸುತ್ತೇನೆ. ಮುಂದಿನ ಸಾಮಾನ್ಯ ಸಭೆಯ ನೋಟಿಸ್ ಬಂದಾಗ ಅಜೆಂಡಾದ ಫೋಟೊ ನನಗೆ ಕಳಿಸಿ. ಒಂದೊಂದೇ ವಿಷಯ ಫೋನಿನಲ್ಲಿ ಓದಿಕೊಳ್ಳೋಣ.